ಮಠದ ಸ್ವತ್ತು, ಸ್ವಾಮಿಗಳ ಹೊಣೆ

ಮಠದ ಸ್ವತ್ತು ಯಾರದು? ಪ್ರಶ್ನೆ ಸರಳವಾಗಿ ತೋರುತ್ತದೆ, ಉತ್ತರ ಸರಳವಲ್ಲ. ಭಕ್ತನನ್ನು ಕೇಳಿದರೆ ಅದು ಶಿವನದು ಎಂದು ಕೈಮುಗಿಯುತ್ತಾನೆ. ಕಂದಾಯದ ದಫ್ತರವನ್ನು ತೆರೆದರೆ ಅಲ್ಲಿ ಎಷ್ಟೋ ವೇಳೆ ಸ್ವಾಮಿಗಳ ಹೆಸರೇ ಕಾಣುತ್ತದೆ. ಸಾಲ ಕೊಟ್ಟವನು ಸ್ವಾಮಿಗಳ ರುಜುವನ್ನು ಮುಂದಿಡುತ್ತಾನೆ. ಊರಿನ ಹಿರಿಯರು, ಇದು ನಮ್ಮ ಅಜ್ಜಂದಿರು ಬಿಟ್ಟ ಭೂಮಿ ಎನ್ನುತ್ತಾರೆ. ಈ ನಾಲ್ಕು ಮಾತುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಯಾವುದೂ ಪೂರ್ತಿ ನಿಜವೂ ಅಲ್ಲ. ನಾಲ್ವರೂ ಸಾಮರಸ್ಯದಿಂದ ಇರುವ ತನಕ ಈ ಪ್ರಶ್ನೆ ಏಳುವುದಿಲ್ಲ. ಸಾಲ ತೀರದೆ ಹೋದಾಗ, ಭೂಮಿ ಪರಾಧೀನವಾದಾಗ, ಸರಕಾರ ಲೆಕ್ಕ ಕೇಳಿದಾಗ ಅದು ನ್ಯಾಯಾಲಯದ ಮೆಟ್ಟಿಲನ್ನೇರುತ್ತದೆ. ಆಗ ನ್ಯಾಯಾಧೀಶರು ಏನಾದರೊಂದು ಉತ್ತರವನ್ನು ಹೇಳಲೇಬೇಕಾಗುತ್ತದೆ. 1879ರಿಂದ 1954ರ ವರೆಗಿನ ಮುಕ್ಕಾಲು ಶತಮಾನದಲ್ಲಿ ಆ ಉತ್ತರ ಹೇಗೆ ರೂಪುಗೊಂಡಿತು, ಶರಣರ ದಾಸೋಹತತ್ತ್ವಕ್ಕೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನಗಳ ಸಾಕ್ಷ್ಯ

ಮಠಗಳಿಗೆ ಸ್ವತ್ತು ಬಂದ ಬಗೆಯನ್ನು ನಮ್ಮ ಶಾಸನಗಳು ಸ್ಪಷ್ಟವಾಗಿ ಹೇಳುತ್ತವೆ. ದಾನಿಯು ಆಚಾರ್ಯರ ಕಾಲನ್ನು ತೊಳೆದು, ಧಾರಾಪೂರ್ವಕವಾಗಿ ಭೂಮಿಯನ್ನು ಬಿಡುತ್ತಾನೆ. ದಾನವನ್ನು ಕೈಯೊಡ್ಡಿ ಪಡೆದವರು ಆಚಾರ್ಯರು. ಆದುದರಿಂದ ಅವರ ಹೆಸರು, ಅವರ ಗುರುಪರಂಪರೆ, ಅವರ ತಪೋಮಹಿಮೆ ಇವೆಲ್ಲ ಶಾಸನದಲ್ಲಿ ವಿಸ್ತಾರವಾಗಿ ಬರುತ್ತವೆ. ಆದರೆ ಶಾಸನ ಅಲ್ಲಿಗೇ ನಿಲ್ಲುವುದಿಲ್ಲ. ದೇವರ ಅಂಗಭೋಗ ರಂಗಭೋಗಕ್ಕೆ, ತಪೋಧನರ ಆಹಾರದಾನಕ್ಕೆ, ಓದುವ ಮಾಣಿಗಳ ಅಶನಾಚ್ಛಾದನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ದಾನದ ಉದ್ದೇಶವನ್ನೂ ಎಣಿಸಿ ಹೇಳುತ್ತದೆ. ಕೊನೆಗೆ, ಇದನ್ನು ಕೆಡಿಸಿದವರಿಗೆ ಶಾಪವಿರುತ್ತದೆ. ಪಡೆದವರು ಒಬ್ಬರು, ಪಡೆದುದು ಮತ್ತೊಂದಕ್ಕಾಗಿ ಎಂಬ ಈ ಎರಡು ಸಂಗತಿಗಳನ್ನು ಶಾಸನಕರ್ತರು ಒಂದೇ ಕಲ್ಲಿನ ಮೇಲೆ ಕೊರೆದಿಟ್ಟರು.

ಇದಕ್ಕೆ ಅತ್ಯುತ್ತಮ ನಿದರ್ಶನ ಬಳ್ಳಿಗಾವೆಯ ಕೋಡಿಯಮಠ. ಬಿಜ್ಜಳನ ಕಾಲದ, 1162ರ ಶಾಸನವೊಂದು ಕಾಳಾಮುಖ ಶೈವರ ಈ ಮಠವನ್ನು ವರ್ಣಿಸುವ ರೀತಿ ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತ. ಅದು ವೇದವೇದಾಂಗಗಳ ವ್ಯಾಖ್ಯಾನಸ್ಥಾನ. ವ್ಯಾಕರಣ, ಕಾವ್ಯ, ನಾಟಕಗಳ ಅಧ್ಯಯನಕೇಂದ್ರ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರೆಲ್ಲರಿಗೂ ಅನ್ನ ದೊರೆಯುವ ಎಡೆ. ರೋಗಿಗಳಿಗೆ ಔಷಧವನ್ನೀಯುವ ಆಶ್ರಯ. ಮಠವೆಂದರೆ ಒಬ್ಬ ಯತಿಯ ವಾಸಸ್ಥಾನವಲ್ಲ, ಒಂದು ಸಮಾಜದ ಉಗ್ರಾಣ ಎಂಬ ಭಾವನೆ ಕಲ್ಯಾಣದ ಕ್ರಾಂತಿಗೆ ಕೆಲವೇ ವರ್ಷಗಳ ಮುಂಚೆ ಈ ನಾಡಿನಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ಈ ಶಾಸನವೇ ಸಾಕ್ಷಿ.

ಹೊಸ ನ್ಯಾಯ, ಹಳೆಯ ಸಂಸ್ಥೆ

ಇಂಗ್ಲಿಷರು ಬಂದು ನ್ಯಾಯಾಲಯಗಳನ್ನು ತೆರೆದಾಗ ಅವರ ಮುಂದೆ ಬಂದುದು ಈ ಹಳೆಯ ಸಂಸ್ಥೆ. ಆದರೆ ಅವರ ಮನಸ್ಸಿನಲ್ಲಿದ್ದುದು ಇಂಗ್ಲೆಂಡಿನ ಚರ್ಚು, ಅಲ್ಲಿನ ಬಿಷಪ್ಪು, ಅಲ್ಲಿನ ಟ್ರಸ್ಟು. ಆ ದೇಶದಲ್ಲಿಯೂ ಧರ್ಮಪೀಠಕ್ಕೂ ರಾಜಪೀಠಕ್ಕೂ ನಡುವಣ ಮೇರೆ ಸುಲಭವಾಗಿ ನಿಶ್ಚಿತವಾದುದಲ್ಲ. ಅಪರಾಧ ಮಾಡಿದ ಪಾದ್ರಿಯನ್ನು ಅರಸನ ನ್ಯಾಯಾಲಯ ದಂಡಿಸಬಹುದೇ ಎಂಬ ವಿವಾದದಲ್ಲಿ 1164ರಲ್ಲಿ ಎರಡನೆಯ ಹೆನ್ರಿ ಅರಸನು ಕ್ಲಾರೆಂಡನ್ ಕಟ್ಟಳೆಗಳನ್ನು ಹೊರಡಿಸಿದನು. ಅವುಗಳನ್ನು ಎದುರಿಸಿದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ 1170ರಲ್ಲಿ ತನ್ನ ಚರ್ಚಿನಲ್ಲಿಯೇ ಹತನಾದನು. ಇತ್ತ ಕಲ್ಯಾಣದಲ್ಲಿ ಧರ್ಮಕ್ಕೂ ಅರಸೊತ್ತಿಗೆಗೂ ಘರ್ಷಣೆಯಾದುದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಪಾದ್ರಿಗಳಿಗೆ ಶಿಕ್ಷೆಯಲ್ಲಿ ದೊರೆಯುತ್ತಿದ್ದ ವಿಶೇಷ ವಿನಾಯಿತಿ ಇಂಗ್ಲೆಂಡಿನಲ್ಲಿ ಪೂರ್ಣವಾಗಿ ರದ್ದಾದುದು 1827ರಲ್ಲಿ. ಬ್ರಿಟಿಷರ ನ್ಯಾಯಪದ್ಧತಿ ನಮ್ಮಲ್ಲಿ ನೆಲೆಯೂರಿದಾಗ ಕಾವಿಗೆ ಪ್ರತ್ಯೇಕವಾದ ದಂಡಸಂಹಿತೆ ಇರಲಿಲ್ಲ. ಅಪರಾಧದ ಮಟ್ಟಿಗೆ ಸ್ವಾಮಿಗಳೂ ಪ್ರಜೆಯೇ. ಉಳಿದ ಕಠಿಣ ಪ್ರಶ್ನೆ ಸ್ವತ್ತಿನದು, ಸಾಲದ್ದು.

ಆ ಪ್ರಶ್ನೆಗೆ ಮೊದಲ ಪ್ರೌಢ ಉತ್ತರವನ್ನು ಕೊಟ್ಟುದು ಮದ್ರಾಸ್ ಹೈಕೋರ್ಟು, 1879ರಲ್ಲಿ, ತಮಿಳುನಾಡಿನ ಪಂಡಾರ ಮಠವೊಂದಕ್ಕೆ ಸಂಬಂಧಿಸಿದ ವ್ಯಾಜ್ಯದಲ್ಲಿ. ಮಠದ ಹುಟ್ಟನ್ನು ಆ ತೀರ್ಪು ಸಹಾನುಭೂತಿಯಿಂದ ವಿವರಿಸಿತು: ಒಬ್ಬ ಆಚಾರ್ಯನ ಸುತ್ತ ಶಿಷ್ಯರು ನೆರೆಯುತ್ತಾರೆ; ಭಕ್ತರು ಸ್ವತ್ತನ್ನು ಅರ್ಪಿಸುತ್ತಾರೆ; ಆ ಸ್ವತ್ತು ಪೀಠಕ್ಕೆ ಅಂಟಿಕೊಂಡು, ಪೀಠವನ್ನೇರಿದವನಿಗೆ ಮಾತ್ರ ಸಲ್ಲುತ್ತದೆ; ರಕ್ತಸಂಬಂಧಿಗಳಿಗೆ ಹೋಗುವುದಿಲ್ಲ. ಪೀಠಾಧಿಪತಿಗೆ ಆ ಸ್ವತ್ತಿನ ಮೇಲೆ ವಿಶಾಲವಾದ ಅಧಿಕಾರವಿದೆ. ಸಂಸ್ಥೆಯ ಧ್ಯೇಯಕ್ಕೆ ಹೊರತಾದ ಕಾರ್ಯಕ್ಕೆ ಬಳಸದಿರುವ ತನಕ ಆದಾಯದ ವೆಚ್ಚಕ್ಕೆ ಅವನು ಲೆಕ್ಕ ಒಪ್ಪಿಸಬೇಕಾಗಿಲ್ಲ. ಮಠದ ಉದ್ದೇಶಕ್ಕಾಗಿ ಅವನು ಸಾಲ ಮಾಡಬಹುದು. ಹಾಗೆ ಮಾಡಿದ ಸಾಲ ಮಠದ ಸ್ವತ್ತಿನಿಂದ ವಸೂಲಾಗತಕ್ಕದ್ದು; ಉತ್ತರಾಧಿಕಾರಿಯ ಮೇಲೂ ಬೀಳತಕ್ಕದ್ದು; ಆದರೆ ಅವನ ಕೈಗೆ ಬಂದ ಮಠದ ಆಸ್ತಿಯ ಮಿತಿಯೊಳಗೆ ಮಾತ್ರ.

ಈ ಕೊನೆಯ ಮಾತಿನ ಮಹತ್ತ್ವವನ್ನು ಗಮನಿಸಬೇಕು. ಸ್ವಾಮಿಗಳು ದಾಸೋಹದ ಧಾನ್ಯಕ್ಕೆಂದೋ ಬಿದ್ದ ಗೋಡೆಯನ್ನು ಎತ್ತಿಸುವುದಕ್ಕೆಂದೋ ಸಾಲ ಮಾಡಿ ಲಿಂಗೈಕ್ಯರಾದರೆ ಸಾಲಿಗನು ಮಠದ ಸ್ವತ್ತಿನಿಂದ ಹಣವನ್ನು ಪಡೆಯಬಹುದು. ಆದರೆ ಸಾಲ ಸ್ವಂತದ್ದಾಗಿದ್ದರೆ ಮಠದ ಭೂಮಿ ಅದಕ್ಕೆ ಹೊಣೆಯಲ್ಲ. ರುಜು ಒಂದೇ, ಕೈ ಒಂದೇ; ಉದ್ದೇಶ ಬೇರೆಯಾದೊಡನೆ ಹೊಣೆಯೂ ಬೇರೆಯಾಗುತ್ತದೆ. ಸಾಲ ಕೊಡುವವನೂ ಕಣ್ಣು ಮುಚ್ಚಿ ಕೊಡುವಂತಿಲ್ಲ. ಅಪ್ರಾಪ್ತವಯಸ್ಕನ ಸ್ವತ್ತನ್ನು ನೋಡಿಕೊಳ್ಳುವವನು ಸಾಲ ಮಾಡಿದಾಗ ಅಗತ್ಯ ನಿಜವೇ ಎಂದು ಸಾಲಿಗನು ವಿಚಾರಿಸಿ ತಿಳಿಯಬೇಕೆಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1856ರಲ್ಲಿ ವಿಧಿಸಿತ್ತು. 1875ರಲ್ಲಿ ಅದೇ ನಿಯಮವನ್ನು ದೇವಸ್ವದ ನಿರ್ವಾಹಕರಿಗೂ ಅನ್ವಯಿಸಿತು. ಶಾಸನದ ಕೊನೆಯ ಶಾಪ ಮಾಡಬೇಕಾಗಿದ್ದ ಕೆಲಸವನ್ನು ಈಗ ಸಾಕ್ಷ್ಯದ ಕಾಯಿದೆ ಮಾಡತೊಡಗಿತು.

ಬಿಷಪ್ಪನೂ ಅಲ್ಲ, ಟ್ರಸ್ಟಿಯೂ ಅಲ್ಲ

ಅನಂತರದ ನಾಲ್ಕು ದಶಕಗಳಲ್ಲಿ ನ್ಯಾಯಾಧೀಶರು ಮಠಾಧಿಪತಿಗೆ ಒಂದು ಹೆಸರನ್ನು ಹುಡುಕಿದರು. 1904ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಸುಬ್ರಹ್ಮಣ್ಯ ಅಯ್ಯರ್ ಮತ್ತು ಭಾಷ್ಯಂ ಅಯ್ಯಂಗಾರ್ ಅವರು ಮಾಧ್ವ ಮಠವೊಂದರ ವ್ಯಾಜ್ಯದಲ್ಲಿ, ಮಠಾಧಿಪತಿ ಟ್ರಸ್ಟಿಯಲ್ಲ. ಇಂಗ್ಲೆಂಡಿನ ಬಿಷಪ್ಪನಂತೆ ಜೀವಮಾನಪರ್ಯಂತ ಪೀಠದ ಸ್ವತ್ತನ್ನು ಅನುಭವಿಸುವ ‘ಏಕವ್ಯಕ್ತಿ ನಿಗಮ’ ಎಂದು ಅಭಿಪ್ರಾಯಪಟ್ಟರು. ವ್ಯಕ್ತಿ ಗತಿಸಿದರೂ ಪೀಠ ಗತಿಸುವುದಿಲ್ಲ ಎಂಬ ನಮ್ಮ ಭಾವನೆಗೆ ಈ ಇಂಗ್ಲಿಷ್ ಪರಿಕಲ್ಪನೆ ಸಮೀಪವಾಗಿತ್ತು. 1909ರಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ ಹೆಚ್ಚು ಎಚ್ಚರದಿಂದ ನುಡಿಯಿತು: ಪೀಠವನ್ನೇರಿದ ಮಾತ್ರದಿಂದ ಯಾರೂ ಟ್ರಸ್ಟಿಯಾಗುವುದಿಲ್ಲ, ಆಯಾ ಮಠದ ಸಂಪ್ರದಾಯವನ್ನೂ ದಾನದ ನಿಬಂಧನೆಗಳನ್ನೂ ನೋಡಿ ನಿರ್ಣಯಿಸಬೇಕು. 1917ರಲ್ಲಿ ಪ್ರಿವಿ ಕೌನ್ಸಿಲ್ ಮತ್ತೊಂದು ಬೇಲಿಯನ್ನು ಹಾಕಿತು. ಧರ್ಮಸಂಸ್ಥೆಯ ಭೂಮಿಯನ್ನು ಸ್ಥಿರವಾದ ಗೇಣಿಗೆ ಶಾಶ್ವತವಾಗಿ ಬಿಟ್ಟುಕೊಡುವುದು ಸಂಸ್ಥೆಗೆ ‘ಲಾಭ’ ಎಂಬ ಸಡಿಲವಾದ ಕಾರಣದಿಂದ ಊರ್ಜಿತವಾಗದು. ನಿಜವಾದ ಅವಶ್ಯಕತೆ ಬೇಕು ಎಂದು ಅದು ಹೇಳಿತು.

ಈ ಪರಂಪರೆಯಲ್ಲಿ ಅತ್ಯಂತ ಪ್ರಸಿದ್ಧವಾದುದು 1921ರ ತೀರ್ಪು. ವಿದ್ಯಾವಾರಿಧಿ ತೀರ್ಥರೆಂಬ ಮಾಧ್ವ ಯತಿಗಳು ಹೂಡಿದ ದಾವೆಯದು. ಹಿಂದಿನ ಮಠಾಧಿಪತಿ ಮಠದ ಭೂಮಿಯನ್ನು ಶಾಶ್ವತ ಗುತ್ತಿಗೆಗೆ ಕೊಟ್ಟಿದ್ದರು. ಭೂಮಿಯನ್ನು ಹಿಡಿದಿದ್ದವರ ವಾದ ಸರಳವಾಗಿತ್ತು: ಮಠಾಧಿಪತಿ ಟ್ರಸ್ಟಿ, ಟ್ರಸ್ಟಿ ಪರಭಾರೆ ಮಾಡಿದ ಸ್ವತ್ತನ್ನು ಹಿಂದಕ್ಕೆ ಪಡೆಯಲು ಕಾಯಿದೆ ಗೊತ್ತುಪಡಿಸಿದ ವಾಯಿದೆ ಮುಗಿದಿದೆ, ಆದುದರಿಂದ ಭೂಮಿ ತಮ್ಮದೇ. ಪ್ರಿವಿ ಕೌನ್ಸಿಲಿನ ಪರವಾಗಿ ತೀರ್ಪನ್ನು ಬರೆದವರು ಬಂಗಾಳದ ಮುಸಲ್ಮಾನ ವಿದ್ವಾಂಸರಾದ ಸಯ್ಯದ್ ಅಮೀರ್ ಅಲಿ. ಇಸ್ಲಾಮಿನ ವಕ್ಫು, ಮುತವಲ್ಲಿ, ಸಜ್ಜಾದಾನಶೀನರ ಸ್ಥಿತಿಯೊಡನೆ ಹಿಂದೂ ಮಠವನ್ನು ಹೋಲಿಸಿ ಅವರು ಹೇಳಿದ ಸಾರಾಂಶವಿಷ್ಟು: ಇಂಗ್ಲಿಷ್ ಅರ್ಥದ ಟ್ರಸ್ಟ್ ಎಂಬುದು ಹಿಂದೂ ಧರ್ಮದಾನದ ಪದ್ಧತಿಗೆ ಪರಕೀಯವಾದುದು, ಮಠಾಧಿಪತಿಯನ್ನು ಯಾವ ಹೆಸರಿನಿಂದ ಕರೆದರೂ ಅವನು ಸಂಸ್ಥೆಯ ಪರವಾಗಿ ಸ್ವತ್ತನ್ನು ಕಾಯುವ ನಿರ್ವಾಹಕ, ಅವನು ಟ್ರಸ್ಟಿಯಲ್ಲದಿದ್ದರೂ ಟ್ರಸ್ಟಿಯಂತೆ ಉತ್ತರವಾದಿ, ಅಗತ್ಯವಿಲ್ಲದೆ ಕೊಟ್ಟ ಶಾಶ್ವತ ಗುತ್ತಿಗೆ ಕೊಟ್ಟವನ ಅಧಿಕಾರಾವಧಿಯನ್ನು ಮೀರಿ ನಿಲ್ಲದು.

ಪರಿಣಾಮವಾಗಿ ಮಠದ ಭೂಮಿ ಉಳಿಯಿತು. ಆದರೆ ಇದರಲ್ಲೊಂದು ವಿಪರ್ಯಾಸವಿದೆ. ‘ಟ್ರಸ್ಟಿ’ ಎಂಬ ಬಿರುದನ್ನು ನಿರಾಕರಿಸಿದುದರಿಂದಲೇ ಸ್ವತ್ತು ಉಳಿಯಿತು. ಅದೇ ನಿರಾಕರಣೆಯನ್ನು ಹಿಡಿದು, ಟ್ರಸ್ಟಿಯಲ್ಲವಾದ ಮೇಲೆ ಲೆಕ್ಕವೇಕೆ ಎಂದು ಯಾರಾದರೂ ಕೇಳಬಹುದಾಗಿತ್ತು. ತೀರ್ಪಿನ ಎರಡನೆಯ ಭಾಗ, ಎಂದರೆ ಉತ್ತರವಾದಿತ್ವದ ಮಾತು, ಅದಕ್ಕೆ ಅವಕಾಶ ಕೊಡಲಿಲ್ಲ. 1929ರಲ್ಲಿ ಶಾಸನಸಭೆಯೂ ವಾಯಿದೆ ಕಾಯಿದೆಯನ್ನು ತಿದ್ದಿ, ಹಿಂದೂ, ಮುಸ್ಲಿಂ, ಬೌದ್ಧ ಧರ್ಮದತ್ತಿಗಳ ನಿರ್ವಾಹಕರನ್ನು ಆ ಕಾಯಿದೆಯ ನಿರ್ದಿಷ್ಟ ಉದ್ದೇಶಕ್ಕೆ ಟ್ರಸ್ಟಿಗಳೆಂದೇ ಭಾವಿಸತಕ್ಕದ್ದೆಂದು ವಿಧಿಸಿತು.

ಉಡುಪಿಯ ಸಾಲ, ದೆಹಲಿಯ ತೀರ್ಪು

ಸ್ವಾತಂತ್ರ್ಯ ಬಂದು ಸಂವಿಧಾನ ಜಾರಿಗೆ ಬಂದ ಮೇಲೆ ಪ್ರಶ್ನೆ ಹೊಸ ರೂಪವನ್ನು ತಳೆಯಿತು. ಈಗ ಎದುರುಬದುರಾಗಿ ನಿಂತವರು ಮಠ ಮತ್ತು ಸರಕಾರ. ಆ ವ್ಯಾಜ್ಯ ಹುಟ್ಟಿದುದು ಕನ್ನಡ ನೆಲದಲ್ಲಿಯೇ. ಅಂದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿಯಲ್ಲಿ.

ಮಧ್ವಾಚಾರ್ಯರ ಪರಂಪರೆಯ ಅಷ್ಟಮಠಗಳಲ್ಲಿ ಶಿರೂರು ಮಠ ಒಂದು. ಎಂಟು ಮಠಗಳ ಯತಿಗಳು ಎರಡೆರಡು ವರ್ಷಗಳ ಸರದಿಯಂತೆ ಶ್ರೀಕೃಷ್ಣನ ಪೂಜೆಯನ್ನು ವಹಿಸಿಕೊಳ್ಳುವ ಪರ್ಯಾಯ ಪದ್ಧತಿ ಪ್ರಸಿದ್ಧವಾದುದು. ಪರ್ಯಾಯವೆಂದರೆ ಪೂಜೆ ಮಾತ್ರವಲ್ಲ. ಬಂದವರಿಗೆಲ್ಲ ಅನ್ನಸಂತರ್ಪಣೆಯೂ ಹೌದು. ಶಿರೂರಿನ ಶ್ರೀ ಲಕ್ಷ್ಮೀಂದ್ರ ತೀರ್ಥರು 1919ರಲ್ಲಿ ಬಾಲಯತಿಯಾಗಿ ಪೀಠವನ್ನೇರಿದರು. ಪ್ರಾಪ್ತವಯಸ್ಕರಾಗಿ 1926ರ ಸುಮಾರಿಗೆ ಆಡಳಿತವನ್ನು ವಹಿಸಿಕೊಂಡಾಗ ಮಠ ಸಾಲದಲ್ಲಿ ಮುಳುಗಿತ್ತು. ಕೆಲವೇ ವರ್ಷಗಳಲ್ಲಿ ಅವರು ಅದರ ಬಹುಭಾಗವನ್ನು ತೀರಿಸಿದರು. ಮೊದಲ ಪರ್ಯಾಯ ಮತ್ತೆ ಸಾಲವನ್ನು ತಂದಿತು. 1946ರಲ್ಲಿ ಎರಡನೆಯ ಪರ್ಯಾಯ ಬಂದಾಗ ಯುದ್ಧಾನಂತರದ ಅಭಾವ, ಬೆಲೆಯೇರಿಕೆಗಳ ದಿನಗಳು. ಸಾಲ ಹತ್ತಿರ ಹತ್ತಿರ 1 ಲಕ್ಷ ರೂಪಾಯಿಗಳನ್ನು ಮುಟ್ಟಿತು. ಈ ಸಾಲ ವಿಲಾಸದ ಸಾಲವಲ್ಲ, ಬಹುಮಟ್ಟಿಗೆ ಅನ್ನದ ಸಾಲ ಎಂಬುದನ್ನು ಮರೆಯಬಾರದು.

1927ರ ಕಾಯಿದೆಯಂತೆ ನಡೆಯುತ್ತಿದ್ದ ಮದ್ರಾಸಿನ ಧರ್ಮಾದಾಯ ಮಂಡಳಿ ಈ ಹಂತದಲ್ಲಿ ಕೈಹಾಕಿ, ಮಠದ ವ್ಯವಹಾರವನ್ನು ನೋಡಿಕೊಳ್ಳಲು ಸಮರ್ಥನಾದ ಕಾರ್ಯನಿರ್ವಾಹಕನನ್ನು ನೇಮಿಸಿಕೊಳ್ಳಬೇಕೆಂದು ಸ್ವಾಮಿಗಳಿಗೆ ಆಜ್ಞಾಪಿಸಿತು. 1948ರ ಡಿಸೆಂಬರಿನಲ್ಲಿ ಒಬ್ಬ ಏಜೆಂಟನ ಹೆಸರಿಗೆ ಅಧಿಕಾರಪತ್ರ ಬರೆದುಕೊಟ್ಟುದಾಯಿತು. ಮುಂದೆ ಅವನಿಗೂ ಸ್ವಾಮಿಗಳಿಗೂ ವಿರಸವಾಗಿ 1950ರಲ್ಲಿ ಸ್ವಾಮಿಗಳು ಅಧಿಕಾರಪತ್ರವನ್ನು ಹಿಂದೆಗೆದುಕೊಂಡರು. ಮಂಡಳಿಯು ತಾನಾಗಿಯೇ ವಿಚಾರಣೆಯನ್ನು ಆರಂಭಿಸಿ, ಮಠದ ಆಡಳಿತಕ್ಕೆ ಒಂದು ಯೋಜನೆಯನ್ನು ರಚಿಸಲು ಮುಂದಾಯಿತು. ಸ್ವಾಮಿಗಳು ಹೈಕೋರ್ಟಿನ ಮೊರೆಹೊಕ್ಕರು. ಅಷ್ಟರಲ್ಲಿ 1951ರ ಹೊಸ ಕಾಯಿದೆ ಜಾರಿಗೆ ಬಂದುದರಿಂದ ಅದರ ಸಿಂಧುತ್ವವನ್ನೂ ಪ್ರಶ್ನಿಸಿದರು. ಹೈಕೋರ್ಟು ಸ್ವಾಮಿಗಳ ಪರವಾಗಿ ತೀರ್ಪಿತ್ತಿತು. ಧರ್ಮಾದಾಯ ಕಮಿಷನರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿದರು. 1954ರಲ್ಲಿ ಏಳು ಮಂದಿ ನ್ಯಾಯಮೂರ್ತಿಗಳ ಪೀಠ ಆ ಮೇಲ್ಮನವಿಯನ್ನು ವಜಾ ಮಾಡಿತು. ತೀರ್ಪನ್ನು ಬರೆದವರು ಹಿಂದೂ ಧರ್ಮದತ್ತಿಗಳ ನ್ಯಾಯಶಾಸ್ತ್ರದಲ್ಲಿ ಪ್ರಮಾಣಪುರುಷರೆನಿಸಿದ್ದ, ಅದೇ ವರ್ಷದ ಕೊನೆಯಲ್ಲಿ ಮುಖ್ಯ ನ್ಯಾಯಮೂರ್ತಿಗಳಾದ ಬಿಜನ್ ಕುಮಾರ್ ಮುಖರ್ಜಿಯವರು.

ಹಳೆಯ ಹೆಸರುಗಳನ್ನೆಲ್ಲ ಈ ತೀರ್ಪು ಒಂದೊಂದಾಗಿ ಒರೆಗೆ ಹಚ್ಚಿತು. ಮಠಾಧಿಪತಿ ಇಂಗ್ಲೆಂಡಿನ ಬಿಷಪ್ಪನಲ್ಲ, ಕಟ್ಟುನಿಟ್ಟಾದ ಅರ್ಥದಲ್ಲಿ ಟ್ರಸ್ಟಿಯಲ್ಲ. ಹಾಗೆಂದು ಬರಿಯ ಮೇನೇಜರನೂ ಅಲ್ಲ. ಅವನ ಸ್ಥಾನದಲ್ಲಿ ಅಧಿಕಾರ ಮತ್ತು ಸ್ವತ್ತು, ಕರ್ತವ್ಯ ಮತ್ತು ಸ್ವಂತ ಹಿತ, ಇವೆರಡೂ ಬೇರ್ಪಡಿಸಲಾಗದಂತೆ ಬೆರೆತಿವೆ. ಅವನು ಮೊದಲು ಗುರು, ಅನಂತರ ನಿರ್ವಾಹಕ. ಅವನನ್ನು ಸರಕಾರದ ನೌಕರನಂತೆ ನಡೆಸಿಕೊಂಡರೆ ಅವನ ಸ್ವತ್ತಿನ ಹಕ್ಕಿಗೆ ಮಾತ್ರವಲ್ಲ, ಗುರುತ್ವಕ್ಕೂ ಧಕ್ಕೆಯೊದಗುತ್ತದೆ. ಅಂತೆಯೇ ಧರ್ಮವೆಂದರೆ ನಂಬಿಕೆ ಮಾತ್ರವಲ್ಲ, ಆಚರಣೆಯೂ ಹೌದು; ಯಾವ ಆಚರಣೆ ಅವಶ್ಯವೆಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ತಿಳಿಯಬೇಕು; ಆಚಾರ್ಯನೊಬ್ಬನ ಅನುಯಾಯಿಗಳ ಸಮುದಾಯವೂ ಸಂವಿಧಾನದ 26ನೆಯ ವಿಧಿ ಹೇಳುವ ಧಾರ್ಮಿಕ ಪಂಗಡ ಅಥವಾ ಅದರ ಅಂಗವಾಗುತ್ತದೆ. ಈ ನಿರ್ಣಯಗಳು ಮಾಧ್ವರಿಗೆ ಮಾತ್ರ ಸಂಬಂಧಿಸಿದವಲ್ಲ. ಗುರುವರ್ಗ, ವಿರಕ್ತವರ್ಗಗಳೆಂದು ಕವಲೊಡೆದಿರುವ ವೀರಶೈವ ಮಠಗಳಿಗೂ ಇವು ರಕ್ಷಾಕವಚಗಳಾದವು.

ರದ್ದಾದುದು, ಉಳಿದುದು

ಈ ತೀರ್ಪನ್ನು ಮಠಗಳ ವಿಜಯವೆಂದು ಬಣ್ಣಿಸುವುದು ವಾಡಿಕೆ. ಅರ್ಧ ನಿಜ. ಕಾಯಿದೆಯ ಯಾವ ಭಾಗ ಬಿದ್ದಿತು, ಯಾವುದು ನಿಂತಿತು ಎಂಬುದನ್ನು ನೋಡಿದರೆ ಉಳಿದರ್ಧ ತಿಳಿಯುತ್ತದೆ.

ಕಮಿಷನರೂ ಅವರ ಕೈಕೆಳಗಿನವರೂ ಯಾವಾಗ ಬೇಕಾದರೂ ಧರ್ಮಸ್ಥಾನವನ್ನು ಪ್ರವೇಶಿಸಬಹುದೆಂಬ 21ನೆಯ ಪ್ರಕರಣ ಬಿದ್ದುಹೋಯಿತು. ಗರ್ಭಗುಡಿಗೂ ಯತಿಯ ಏಕಾಂತಕ್ಕೂ ಮೇರೆಯಿದೆ ಎಂದಾಯಿತು. ಕಾರ್ಯನಿರ್ವಾಹಕನನ್ನು ನೇಮಿಸಿಕೊಳ್ಳುವಂತೆ ಬಲವಂತಪಡಿಸುವ 56ನೆಯ ಪ್ರಕರಣ, ಭಕ್ತರು ಗುರುವಿಗೆಂದೇ ಅರ್ಪಿಸಿದ ಪಾದಕಾಣಿಕೆಯನ್ನು ನಿರ್ಬಂಧಿಸುವ 55ನೆಯ ಪ್ರಕರಣ, ಸಂಸ್ಥೆಯನ್ನು ಅಧಿಸೂಚನೆಯ ಮೂಲಕ ಸರಕಾರದ ಹತೋಟಿಗೆ ತರುವ 63ರಿಂದ 69ರ ವರೆಗಿನ ಪ್ರಕರಣಗಳು ಇವೂ ಅಸಿಂಧುವಾದವು. ಆದಾಯದ ಶೇಕಡಾ 5ರ ವರೆಗೆ ವಾರ್ಷಿಕ ವಂತಿಗೆಯನ್ನು ವಸೂಲು ಮಾಡುವ 76ನೆಯ ಪ್ರಕರಣ, ಸಲ್ಲಿಸಿದ ಸೇವೆಗೆ ಪ್ರತಿಯಾದ ಶುಲ್ಕವಲ್ಲ, ತೆರಿಗೆ. ಅಂಥ ತೆರಿಗೆಯನ್ನು ಹಾಕುವ ಅಧಿಕಾರ ರಾಜ್ಯ ಶಾಸನಸಭೆಗೆ ಇಲ್ಲ ಎಂದು ನ್ಯಾಯಾಲಯ ಸಾರಿತು.

ಇನ್ನು ನಿಂತುದನ್ನು ನೋಡಬೇಕು. ಧರ್ಮಸಂಸ್ಥೆಗಳ ಮೇಲೆ ಸಾಮಾನ್ಯ ಮೇಲ್ವಿಚಾರಣೆ ನಡೆಸುವ ಅಧಿಕಾರ ನಿಂತಿತು. ಸಂಸ್ಥೆಯ ಸ್ವತ್ತು, ಸಂಪ್ರದಾಯಗಳ ವಿವರಗಳನ್ನು ದಾಖಲೆಯ ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ ನಿಂತಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ವಿವೇಕಿಯಾದ ಒಬ್ಬ ಸಾಮಾನ್ಯ ಮನುಷ್ಯ ತನ್ನ ಸ್ವಂತ ಹಣದ ವಿಷಯದಲ್ಲಿ ವಹಿಸುವಷ್ಟು ಎಚ್ಚರವನ್ನು ಸಂಸ್ಥೆಯ ಹಣದ ವಿಷಯದಲ್ಲಿಯೂ ವಹಿಸಬೇಕೆಂಬ 24ನೆಯ ಪ್ರಕರಣ ನಿಂತಿತು. ಮಠಾಧಿಪತಿಯ ಗೌರವವನ್ನು ಇಷ್ಟು ಎತ್ತರದಲ್ಲಿಟ್ಟ ನ್ಯಾಯಾಲಯವೇ ಈ ಕರ್ತವ್ಯದಿಂದ ಅವನನ್ನು ಬಿಡಿಸಲಿಲ್ಲ. ಧಾರ್ಮಿಕ ವಿಷಯಗಳನ್ನು ಪಂಗಡವೇ ನೋಡಿಕೊಳ್ಳುವ ಹಕ್ಕಿಗೂ ಸ್ವತ್ತನ್ನು ‘ಕಾಯಿದೆಗನುಸಾರವಾಗಿ’ ಆಳುವ ಹಕ್ಕಿಗೂ ಇರುವ ಅಂತರವನ್ನು ಅದು ಬಿಡಿಸಿ ತೋರಿಸಿತು: ಪೂಜೆ ಹೇಗೆಂಬುದನ್ನು ಸರಕಾರ ಹೇಳಲಾರದು, ಭೂಮಿಯ ಲೆಕ್ಕವೆಲ್ಲಿ ಎಂದು ಕೇಳಬಲ್ಲದು.

1954ರ ಮಾರ್ಚ್ ತಿಂಗಳಿನಲ್ಲಿ ಇದೇ ನ್ಯಾಯಾಲಯ 1950ರ ಬೊಂಬಾಯಿ ಸಾರ್ವಜನಿಕ ನ್ಯಾಸಗಳ ಕಾಯಿದೆಯನ್ನೂ ಪರಿಶೀಲಿಸಿತು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಅಂದು ಬೊಂಬಾಯಿ ರಾಜ್ಯದಲ್ಲಿದ್ದುದರಿಂದ ಉತ್ತರ ಕರ್ನಾಟಕದ ಮಠಗಳಿಗೆ ಇದು ನೇರವಾಗಿ ತಟ್ಟುವ ವಿಷಯವಾಗಿತ್ತು. ಜೈನರೂ ಪಾರಸಿಗಳೂ ಹೂಡಿದ್ದ ಆ ವ್ಯಾಜ್ಯದಲ್ಲಿ ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿದು, ಧಾರ್ಮಿಕ ಉದ್ದೇಶಕ್ಕೆ ಬಿಟ್ಟ ಹಣವನ್ನು ಆ ಉದ್ದೇಶ ಇನ್ನೂ ನಡೆಯುತ್ತಿರುವಾಗಲೇ ಬೇರೆಡೆಗೆ ತಿರುಗಿಸುವ ಅಧಿಕಾರವನ್ನು ನ್ಯಾಯಾಲಯ ತಳ್ಳಿಹಾಕಿತು. ದಾನಿಯ ಸಂಕಲ್ಪವನ್ನು ಸರಕಾರವೂ ಕೆಡಿಸಕೂಡದು ಎಂಬ ಈ ಮಾತು ಶಾಸನಗಳ ಕೊನೆಯ ಶಾಪಶ್ಲೋಕಗಳ ಆಶಯವೇ ಅಲ್ಲವೆ?

ತರುವಾಯದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ದಕ್ಷಿಣ ಕನ್ನಡದ್ದೇ ಆದ ಮೂಲ್ಕಿಯ ವೆಂಕಟರಮಣ ದೇವಾಲಯದ ವ್ಯಾಜ್ಯದಲ್ಲಿ, ಪಂಗಡದ ಹಕ್ಕು ಹರಿಜನರ ದೇವಾಲಯ ಪ್ರವೇಶಕ್ಕೆ ಅಡ್ಡಿಯಾಗಲಾರದೆಂದು 1957ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1956ರಲ್ಲಿ ಏಕೀಕರಣವಾದಾಗ ಮೈಸೂರು, ಮದ್ರಾಸು, ಬೊಂಬಾಯಿ, ಹೈದರಾಬಾದು, ಕೊಡಗು ಈ ಐದು ಆಡಳಿತಗಳ ಬೇರೆ ಬೇರೆ ಕಾನೂನುಗಳು ಒಂದೇ ರಾಜ್ಯದಲ್ಲಿ ಉಳಿದುವು. ಅವುಗಳ ಸ್ಥಾನದಲ್ಲಿ ಬಂದ 1997ರ ಕರ್ನಾಟಕದ ಧರ್ಮಾದಾಯ ದತ್ತಿಗಳ ಕಾಯಿದೆ ಮಠಗಳನ್ನೂ ಮಠಗಳಿಗೆ ಸೇರಿದ ದೇವಾಲಯಗಳನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇದರ ನಡುವೆ ಹೆಚ್ಚು ಜನರ ಗಮನಕ್ಕೆ ಬಾರದ ಮತ್ತೊಂದು ಬದಲಾವಣೆಯಾಯಿತು. 1954ರ ತೀರ್ಪು ನಿಂತಿದ್ದ ಕಂಬ ಎರಡು: ಒಂದು, ಧರ್ಮಸ್ವಾತಂತ್ರ್ಯ, ಮತ್ತೊಂದು, 19ನೆಯ ವಿಧಿ ಕೊಟ್ಟಿದ್ದ ಸ್ವತ್ತಿನ ಮೂಲಭೂತ ಹಕ್ಕು. 1978ರ 44ನೆಯ ತಿದ್ದುಪಡಿಯಿಂದ ಎರಡನೆಯ ಕಂಬ ಮೂಲಭೂತ ಹಕ್ಕುಗಳ ಅಧ್ಯಾಯದಿಂದ ಮರೆಯಾಯಿತು. ಸ್ವತ್ತಿನ ಒಡೆಯನೆಂಬ ನೆಲೆಯಲ್ಲಿ ಮಠಾಧಿಪತಿಗೆ ದೊರೆತಿದ್ದ ರಕ್ಷಣೆ ಕುಂದಿತು. ಧರ್ಮಗುರುವೆಂಬ ನೆಲೆಯಲ್ಲಿ ದೊರೆತ ರಕ್ಷಣೆ ಉಳಿಯಿತು. ಮಠಕ್ಕೆ ಇಂದು ಗಟ್ಟಿಯಾದ ಆಸರೆ ಅದರ ಧರ್ಮವೇ ಹೊರತು ಧನವಲ್ಲ.

ದಾಸೋಹದ ಲೆಕ್ಕ

ನ್ಯಾಯಾಧೀಶರು ಇಷ್ಟು ಶ್ರಮದಿಂದ ಹುಡುಕಿದ ಹೆಸರು ಶರಣರ ನಿಘಂಟಿನಲ್ಲಿ ಮೊದಲೇ ಇತ್ತೆಂದರೆ ಅತಿಶಯೋಕ್ತಿಯಾಗದು. ಒಡೆಯನೂ ಅಲ್ಲದ, ಆಳೂ ಅಲ್ಲದ, ಕೈಯಲ್ಲಿ ಹಿಡಿದೂ ತನ್ನದೆನ್ನದ ಆ ಸ್ಥಿತಿಗೆ ಅವರಿತ್ತ ಹೆಸರು ದಾಸೋಹ. ಕಾಯಕದಿಂದ ಬಂದುದು ಪ್ರಸಾದ; ಅದನ್ನು ಜಂಗಮಕ್ಕೆ, ಎಂದರೆ ಸಮಾಜಕ್ಕೆ, ಸಲ್ಲಿಸುವ ತನಕ ಅದರ ಮೇಲೆ ತನಗೆ ಹಕ್ಕಿಲ್ಲ. ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ತಿಳಿದಿದೆ. ಅಲ್ಲಿ ಯಾವ ಕಮಿಷನರೂ ಇರಲಿಲ್ಲ, ಯಾವ ಪ್ರಕರಣವೂ ಇರಲಿಲ್ಲ. ಲೆಕ್ಕ ಕೇಳಿದವಳು ಮನೆಯಾಕೆ, ಒಪ್ಪಿಸಿದವನು ಗಂಡ, ಅಳತೆಗೋಲು ಮನಸ್ಸು.

ಇನ್ನೂ ಮಾರ್ಮಿಕವಾದುದು ಬಸವಣ್ಣನವರ ಜೀವನದ ಪ್ರಸಂಗ. ಹರಿಹರನ ರಗಳೆಯಲ್ಲಿಯೂ ಅನಂತರದ ಬಸವಪುರಾಣಗಳಲ್ಲಿಯೂ ಅದು ಬರುತ್ತದೆ. ಅರಸನ ಭಂಡಾರದ ಹೊನ್ನನ್ನು ಬಸವಣ್ಣ ಜಂಗಮರಿಗೆ ಸೂರೆಮಾಡುತ್ತಿದ್ದಾನೆ ಎಂದು ಕೊಂಡೆಯರು ಬಿಜ್ಜಳನಿಗೆ ದೂರುತ್ತಾರೆ. ಅರಸನು ಪರೀಕ್ಷೆಗೆ ನಿಲ್ಲುತ್ತಾನೆ. ಭಂಡಾರದ ಹೊನ್ನು ಲೆಕ್ಕಕ್ಕೆ ಸರಿಯಾಗಿರುತ್ತದೆ. ಪುರಾಣ ಇದನ್ನು ಪವಾಡವೆಂದು ಕೊಂಡಾಡುತ್ತದೆ. ಪವಾಡದ ಪ್ರಭೆಯಲ್ಲಿ ಒಂದು ಸಣ್ಣ ಸಂಗತಿ ಕಣ್ಮರೆಯಾಗುವ ಸಂಭವವಿದೆ. ದೂರು ಸುಳ್ಳಾಗಿತ್ತು, ದೂರಿದವರು ಮತ್ಸರಿಗಳಾಗಿದ್ದರು. ಆದರೂ ಬಸವಣ್ಣ, ಭಕ್ತನನ್ನು ಲೆಕ್ಕ ಕೇಳಲು ನೀವಾರು ಎನ್ನಲಿಲ್ಲ. ಭಂಡಾರದ ಬಾಗಿಲನ್ನು ತೆರೆದು ತೋರಿಸಿದರು. ದಾಸೋಹಕ್ಕೆ ಹೆದರಿಕೆಯಿಲ್ಲದಿದ್ದುದು ಅದರಲ್ಲಿ ಮುಚ್ಚುಮರೆ ಇಲ್ಲದಿದ್ದುದರಿಂದ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. 1954ರಲ್ಲಿ ಉಡುಪಿಯ ಯತಿಗಳು, ತಮ್ಮ ಪೀಠದ ಮೇಲೆ ಸರಕಾರಕ್ಕೆ ಎಷ್ಟು ಅಧಿಕಾರವೆಂದು ಕೇಳಿದರು. ಕೇಳಬೇಕಾಗಿದ್ದ ಪ್ರಶ್ನೆಯೇ ಅದು, ದೊರೆತ ಉತ್ತರವೂ ನ್ಯಾಯವಾದುದೇ. ಅಂದು ಅವರು ಕೇಳದಿದ್ದರೆ ಇಂದು ಅನೇಕ ಮಠಗಳ ಪೂಜಾಮಂದಿರದ ತನಕ ಕಚೇರಿಯ ಕಾಲು ನಡೆದುಬರುತ್ತಿತ್ತು. ಆದರೆ ಕಚೇರಿಗೆ ಅಡ್ಡವಾಗಿ ಕಟ್ಟಿದ ಗೋಡೆ ಭಕ್ತನಿಗೂ ಅಡ್ಡಗೋಡೆಯಾಗಬಾರದು. ಕಾನೂನು ಕೇಳುವುದು ವಿವೇಕಿಯಾದ ಸಾಮಾನ್ಯ ಮನುಷ್ಯನ ಎಚ್ಚರವನ್ನು. ಗುರುಪೀಠದಿಂದ ಸಮಾಜ ನಿರೀಕ್ಷಿಸುವುದು ಅದಕ್ಕಿಂತ ಹೆಚ್ಚಿನದು. ಮಠದ ಸ್ವತ್ತನ್ನು ಕುರಿತ ವಿವಾದಗಳು, ಉತ್ತರಾಧಿಕಾರದ ದಾವೆಗಳು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆದಾಗ ಗೆದ್ದವರು ಯಾರೇ ಆದರೂ ಸೋಲುವುದು ಆ ಹೊತ್ತು ದಾಸೋಹದ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕಾಗಿದ್ದ ವಿದ್ಯಾರ್ಥಿ. ವಕೀಲರ ಫೀಜು ಹೋಗುವುದೂ ಅದೇ ಉಗ್ರಾಣದಿಂದ.

ಕೇಳುವ ಮೊದಲೇ ಲೆಕ್ಕವನ್ನು ತೋರಿಸುವ ಮಠಕ್ಕೆ ಯಾವ ಕಾಯಿದೆಯ ಭಯವೂ ಇಲ್ಲ. ವರ್ಷಕ್ಕೊಮ್ಮೆ ಜಾತ್ರೆಯ ದಿನ ತೇರು ಬಯಲಿಗೆ ಬರುವಂತೆ ಆಯವ್ಯಯದ ಪುಸ್ತಕವೂ ಭಕ್ತರ ಮುಂದೆ ಬರುವುದಾದರೆ, ಮಠದ ಸ್ವತ್ತು ಯಾರದು ಎಂಬ ಪ್ರಶ್ನೆ ಮತ್ತೆ ನ್ಯಾಯಾಲಯದ ತನಕ ಹೋಗಲಾರದು. ಕೋಡಿಯಮಠದ ಶಾಸನವನ್ನು ಬರೆಯಿಸಿದವರು ಆ ಉತ್ತರವನ್ನು ಕಲ್ಲಿನ ಮೇಲೆ ಕೊರೆದು ಊರಿನ ನಡುವೆ ನಿಲ್ಲಿಸಿದರು. ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಲಿಲ್ಲ.